ಕನ್ನಡಿಯ ಹಿಂದಿನ ಪೆನ್ಸಿಲ್ ಗೆರೆ

ಹೋದ ವಾರ ಬಣ್ಣ ಬಳಿಸಲೆಂದು ನನ್ನ ಪಾರ್ಲರಿನ ದೊಡ್ಡ ಕನ್ನಡಿಯನ್ನು ಇಳಿಸಿದೆವು. ಹಿಂದಿನ ಗೋಡೆಯ ಮೇಲೆ, ಕುರ್ಚಿಯಲ್ಲಿ ಕೂತವರ ಕಣ್ಣಿನ ಎತ್ತರಕ್ಕೆ, ಅಡ್ಡಲಾಗಿ ಒಂದು ಪೆನ್ಸಿಲ್ ಗೆರೆ. ನಿನ್ನೆ ಎಳೆದಂತಿತ್ತು. ಎಳೆದವರು ಲೈಟಿನ ಕಾಕಾ...

ನವಿ ಮುಂಬೈಯ ಕೋಪರಖೈರಣೆಯಲ್ಲಿ ನಮ್ಮ ಸಾಲಿನಲ್ಲೇ, ನಾಲ್ಕು ಅಂಗಡಿ ಆಚೆ ಅವರ ಇಲೆಕ್ಟ್ರಿಕ್ ಸಾಮಾನಿನ ಅಂಗಡಿಯಿತ್ತು. ನಮ್ಮ ವಿಜಾಪುರದ ಕಡೆಯವರು. ಎರಡು ಸಾವಿರದ ಐದಾರರ ಸುಮಾರಿಗೆ ನಾನು ಪಾರ್ಲರ್ ತೆರೆದಾಗ, ಕನ್ನಡಿಯ ಎರಡೂ ಬದಿಗೆ ಮುಖದ ಮಟ್ಟದಲ್ಲಿ ಬಿಳಿ ಟ್ಯೂಬ್ ಹಾಕು ಎಂದಿದ್ದರು. ನನಗೆ ಬೇಕಾಗಿದ್ದುದು ಮೇಲಿಂದ ತೂಗುವ ಹಳದಿ ಲೈಟು. ವಾಶಿಯ ದೊಡ್ಡ ಪಾರ್ಲರುಗಳಲ್ಲಿ ಹಾಗೇ ಇತ್ತು. ಆ ಬೆಳಕಿನಲ್ಲಿ ಎಂಥವರ ಮುಖವೂ ಬಂಗಾರ.

"ಗಿರಾಕಿ ನಿನ್ನ ಪಾರ್ಲರ್‌ದಾಗ ಕುಂದರಾಕ ಮೇಕಪ್ ಮಾಡಿಸ್ಕೋತಾಳೇನವ್ವಾ? ಹೊರಗ ಹೋಗಾಕ. ಹಂಗಾರ ಹೊರಗಿನ ಬೆಳಕಿನಾಗ ನೋಡಬೇಕಲ್ಲ?"

"ನಿಮ್ಮ ಟ್ಯೂಬ್ ಮಾರಾಕ ಕತಿ ಹೇಳಬ್ಯಾಡ್ರಿ ಕಾಕಾ," ಎಂದು ನಕ್ಕೆ.

ಅವರೂ ನಕ್ಕರು. "ಆತು, ಆ ಹಳದಿನ ಹಾಕ್ಕೋ. ಆದ್ರ ಮುಖ ಮುಗಿಸಿದ ಮ್ಯಾಲ ಒಮ್ಮೆ ಬಾಗಿಲ ತನಕ ಕರಕೊಂಡು ಬಂದು ನೋಡು. ಅದಕ್ಕೇನು ರೊಕ್ಕ ಬೀಳಾಂಗಿಲ್ಲ."

ನಾನು ಠಾಣೆಗೆ ಹೋಗಿ, ಅಂಗಡಿಯವನು ಕೈಮುಗಿಯುವ ತನಕ ಚೌಕಾಶಿ ಮಾಡಿ, ಹಿತ್ತಾಳೆ ಬಣ್ಣದ ಬಟ್ಟಲಿನ ಮೂರು ಹಳದಿ ಲೈಟು ತಂದೆ. ಚೌಕಾಶಿಯಲ್ಲಿ ಗೆದ್ದದ್ದೆಲ್ಲ ಲಾಭವಲ್ಲ ಎಂದು ಇವತ್ತು ಯಾರಿಗಾದರೂ ಹೇಳಬಲ್ಲೆ. ಆಗ ಹೇಳುವವರಿದ್ದರು, ಕೇಳುವ ಕಿವಿ ಇರಲಿಲ್ಲ.

ಎರಡು ವರ್ಷದ ಮೇಲೆ ಕಾಕಾನ ಒಬ್ಬಳೇ ಮಗಳ ಮದುವೆ ಬಂತು. ವಾಶಿಗೆ ಹೋಗುವುದು ಬಿಟ್ಟು ಅವಳನ್ನು ನನ್ನ ಕುರ್ಚಿಗೇ ಕಳಿಸಿದರು. ಮುಂಜಾನೆಯ ಮುಹೂರ್ತ. ಮದುಮಗಳೆಂದು ಶಟರ್ ಎಳೆದುಕೊಂಡು ಕೆಲಸ ಮಾಡಿದೆ. ಹಳದಿ ಬೆಳಕಿನಲ್ಲಿ ಎಷ್ಟು ಹಚ್ಚಿದರೂ ಮುಖ ಬೆಳ್ಳಗಾದಂತೆ ಕಾಣಲಿಲ್ಲ. ಇನ್ನೊಂದು ಕೈ ಹಚ್ಚಿದೆ. ಹೊರಗೆ ಗಾಡಿ ಹಾರ್ನ್ ಹೊಡೆಯುತ್ತಿತ್ತು. ಬಾಗಿಲಲ್ಲಿ ನಿಲ್ಲಿಸಿ ನೋಡಲೇ ಇಲ್ಲ.

ಪಕ್ಕದ ಘಣಸೋಲಿಯ ಬಯಲಿನಲ್ಲಿ ಮಂಟಪ. ಬಿಸಿಲಿಗೆ ಇಳಿದಾಗ ಹುಡುಗಿಯ ಮುಖ ಒಂದು ಬಣ್ಣ, ಕೊರಳು, ಕೈ ಇನ್ನೊಂದು ಬಣ್ಣ. ವರನ ಮರಾಠಿ ಚಿಕ್ಕಮ್ಮ ಎಲ್ಲರಿಗೂ ಕೇಳುವಂತೆ, "ಅಗ್ಗ ಬಾಯಿ, ಹಳದ ಲಾವಲೀ ಕೀ ಚುನಾ?" ಎಂದಳು. ಅರಿಶಿನ ಹಚ್ಚಿದ್ದೋ, ಸುಣ್ಣವೋ. ನಗು ಎದ್ದಿತು. ಹುಡುಗಿ ಕರವಸ್ತ್ರ ಎತ್ತಿಕೊಂಡು ಕೆನ್ನೆ ಒರೆಸಹೋದಳು. ಕಾಕಾ ಅವಳ ಕೈ ಹಿಡಿದು ಕೆಳಗಿಳಿಸಿ ಫೋಟೋದವನ ಕಡೆ ತಿರುಗಿದರು.

"ತಗೀಪಾ ಫೋಟೋ. ನನ್ನ ಮಗಳು ಛಂದ ಕಾಣಾಕತ್ಯಾಳ."

ನಾನು ಊಟ ಮಾಡದೆ ಬಂದುಬಿಟ್ಟೆ.

ನಾಲ್ಕು ದಿನ ಬಿಟ್ಟು ಅವರೇ ಏಣಿ, ಎರಡು ಟ್ಯೂಬ್ ಹಿಡಿದು ಪಾರ್ಲರಿಗೆ ಬಂದರು. ನನ್ನನ್ನೇ ಕುರ್ಚಿಯಲ್ಲಿ ಕೂರಿಸಿ, ಕನ್ನಡಿ ತೆಗೆದು, ಕಣ್ಣಿನ ಮಟ್ಟಕ್ಕೆ ಗೋಡೆಯ ಮೇಲೆ ಗೆರೆ ಎಳೆದರು. ಮೂರೂ ಹಳದಿ ಲೈಟು ಇಳಿಸಿ, ಗೆರೆಯ ಅಳತೆಗೆ ಎರಡೂ ಬದಿಗೆ ಟ್ಯೂಬ್ ಕೂಡಿಸಿದರು. ಮದುವೆಯ ಮಾತೇ ಎತ್ತಲಿಲ್ಲ. ತಪ್ಪಾಯಿತು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೊರಗೆ ಬಂದದ್ದು ಮಾತ್ರ, "ಎಷ್ಟಕ್ಕ ಕೊಡ್ತೀರಿ ಕಾಕಾ?"

ಅವರು ಏಣಿ ಮಡಚಿದರು. "ಇಳಿಸಿದ್ದರಾಗ ಒಂದು ಹಳದಿ ಲೈಟು ಕೊಡು, ಸಾಕು," ಎಂದು ಅದನ್ನು ಕಾಗದದಲ್ಲಿ ಸುತ್ತಿಕೊಂಡು ಹೋದರು. ಎಲ್ಲೋ ಮಾರಿಕೊಳ್ಳುತ್ತಾರೆ ಎಂದುಕೊಂಡೆ. ನನ್ನ ಬುದ್ಧಿ ಅಷ್ಟೇ ದೂರ ಓಡುತ್ತಿತ್ತು.

ಎಷ್ಟೋ ವರ್ಷದ ಮೇಲೆ ಕಾಕಾ ತೀರಿಕೊಂಡಾಗ ಮೊದಲ ಸಲ ಅವರ ಮನೆಯೊಳಗೆ ಕಾಲಿಟ್ಟೆ. ಮನೆ ತುಂಬ ಬಿಳಿ ಟ್ಯೂಬ್. ಒಂದು ಗೋಡೆಗೆ ಮಾತ್ರ, ಮಗಳ ಮದುವೆಯ ಫೋಟೋದ ಮೇಲೆ, ನನ್ನ ಹಿತ್ತಾಳೆ ಬಟ್ಟಲಿನ ಹಳದಿ ಲೈಟು. ಅದರ ಕೆಳಗೆ ಆ ಸುಣ್ಣದ ಮುಖ ಸುಣ್ಣದಂತಿರಲಿಲ್ಲ. ಅಂದು ಮುಂಜಾನೆ ನನ್ನ ಕನ್ನಡಿಯಲ್ಲಿ ಕಂಡ ಹುಡುಗಿಯೇ ಅಲ್ಲಿದ್ದಳು.

ಮಗಳು ಪಕ್ಕಕ್ಕೆ ಬಂದು ನಿಂತಳು. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ತಿಳಿಯುತ್ತದೆ, ಆಡುವುದು ಹಿಂದಿ. "ಪಪ್ಪಾ ಕಭೀ ಬಂದ್ ನಹೀ ಕರನೇ ದೇತೇ ಥೇ, ಆಂಟಿ." ಅದನ್ನು ಎಂದೂ ಆರಿಸಗೊಡುತ್ತಿರಲಿಲ್ಲವಂತೆ.

ಈಗ ಕಾಕಾನ ಅಂಗಡಿಯ ಜಾಗದಲ್ಲಿ ಮೊಬೈಲ್ ಮಾರುತ್ತಾರೆ. ಹೊಸದಾಗಿ ಪಾರ್ಲರ್ ತೆರೆಯುವ ಹುಡುಗಿಯರು ನನ್ನಲ್ಲಿಗೆ ಬಂದರೆ, ಬೆಳಕು ಮುಖದ ಎದುರಿಗಿರಲಿ, ಬಾಗಿಲ ತನಕ ಕರೆತಂದು ನೋಡದೆ ಯಾರನ್ನೂ ಕಳಿಸಬೇಡಿ ಎನ್ನುತ್ತೇನೆ. ಯಾರು ಕಲಿಸಿದರು ಎಂದು ಅವರು ಕೇಳುವುದಿಲ್ಲ, ಇವತ್ತಿನ ತನಕ ನಾನೂ ಹೇಳಿರಲಿಲ್ಲ.

"ಮೇಡಂ, ಯೇ ಲೈನ್ ಮಿಟಾ ದೂಂ?" ಬಣ್ಣದವನು ಕೇಳಿದ. ಅಳಿಸಲೇ ಎಂದು.

ಕುರ್ಚಿ ಎಳೆದುಕೊಂಡು ಆ ಗೆರೆಯ ಎದುರು ಕೂತೆ. ಬೆನ್ನು ತುಸು ಬಾಗಿದೆ, ಗೆರೆ ಈಗ ನನ್ನ ಹುಬ್ಬಿಗೆ ಬರುತ್ತದೆ. ಅಷ್ಟು ಜಾಗ ಬಿಟ್ಟು ಬಣ್ಣ ಹಚ್ಚು ಎಂದೆ. ಎಷ್ಟು ಕಡಿಮೆ ಮಾಡುತ್ತೀ ಎಂದು ಅವನನ್ನು ಕೇಳಲಿಲ್ಲ.