ನನ್ನ ಹೆಸರಿನ ರಾಗಿ

ಆತಗೂರಿನಲ್ಲಿ ಒಬ್ಬರ ಮನೆಯ ಹಿತ್ತಾಳೆ ತಪ್ಪಲೆಗೆ ಕಲಾಯಿ ಹಾಕುತ್ತಿದ್ದೆ. ಎದುರಿಗೇ ಬೆಂಕಿ. ಆದರೂ ನಡುಕ ಹತ್ತಿತು. ಕೆಲಸವನ್ನು ಅರ್ಧಕ್ಕೇ ಬಿಟ್ಟು, ಯಾರದೋ ಗಾಡಿಯಲ್ಲಿ ಮದ್ದೂರಿನ ಮನೆಗೆ ಬಂದು ಬಿದ್ದೆ.

ಟೈಫಾಯ್ಡ್, ಅಂದರು ಡಾಕ್ಟರು.

ಅದಕ್ಕೆ ಇಂಥದ್ದೇ ಎಂಬ ಔಷಧಿ ಇನ್ನೂ ಬಂದಿಲ್ಲವಂತೆ. ಬಾರ್ಲಿ ನೀರು, ಹಣೆಗೆ ಒದ್ದೆ ಬಟ್ಟೆ, ಅಷ್ಟೇ. "ಕರುಳಲ್ಲಿ ಹುಣ್ಣಾಗಿದೆ. ಎದ್ದು ಬಗ್ಗಿದರೆ ತೂತು ಬೀಳಬಹುದು. ಆಮೇಲೆ ನನ್ನ ಕೈಲಿ ಏನೂ ಆಗೋಲ್ಲ" ಎಂದರು. ಬಗ್ಗದೆ ನಮಾಜು ಹೇಗೆ? ಮಸೀದಿಯ ಬಾಂಗು ಕೇಳುತ್ತಿತ್ತು, ನಾನು ಸುಮ್ಮನೆ ಮಲಗಿರುತ್ತಿದ್ದೆ. ಆಮೇಲೆ ಬಾಂಗೂ ಕೇಳಿಸಲಿಲ್ಲ. ಜ್ಞಾನ ತಪ್ಪಿತ್ತು.

ಮತ್ತೆ ಕಣ್ಣು ಬಿಟ್ಟಾಗ ಅಮ್ಮ ಮೂಲೆಯಲ್ಲಿದ್ದಳು. ಮನೆಯಲ್ಲಿ ನಾವಿಬ್ಬರೇ. ಅವಳು ತನ್ನ ನಮಾಜು ಮುಗಿಸಿ, ಪಾವಿನಲ್ಲಿ ರಾಗಿ ಅಳೆದು, ನನ್ನ ಹೆಸರು ಹೇಳಿ ಒಂದು ಮಡಕೆಗೆ ಸುರಿದಳು. ಮುಂದಿನ ಬಾಂಗಿಗೂ ಹಾಗೇ ಮಾಡಿದಳು.

ನಮ್ಮಲ್ಲಿ ನಮಾಜು ಬಾಕಿ ಉಳಿಸಿಕೊಂಡು ಯಾರಾದರೂ ತೀರಿಹೋದರೆ, ಒಂದೊಂದು ನಮಾಜಿಗೂ ಇಷ್ಟು ಎಂದು ಧಾನ್ಯ ಅಳೆದು ಬಡವರಿಗೆ ಕೊಡುತ್ತಾರೆ. ಅಪ್ಪ ತೀರಿಕೊಂಡಾಗ ನಾವೂ ಕೊಟ್ಟಿದ್ದೆವು.

ಅಮ್ಮ ನನ್ನ ಆಸೆ ಬಿಟ್ಟಿದ್ದಳು.

ಆ ಹೆದರಿಕೆಯಲ್ಲಿ ಡಾಕ್ಟರ ಮಾತು ಮರೆತೇಹೋಯಿತು. ಬಾಕಿಯನ್ನೆಲ್ಲ ತೀರಿಸಿಯೇ ಸಾಯೋಣ ಎಂದು, ಅಮ್ಮ ನೀರಿಗೆ ಹೋದ ಹೊತ್ತು ನೋಡಿ, ಗೋಡೆ ಹಿಡಿದು ಎದ್ದೆ. ಬಗ್ಗುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಕವಿದು ಬಿದ್ದೆ. ಬಾಗಿಲಿಗೆ ಬಂದಿದ್ದ ಅಮ್ಮ ಕೊಡ ಬಿಸಾಕಿ ಓಡಿಬಂದಳು. ಅವಳು ಮಳವಳ್ಳಿ ಕಡೆಯವಳು, ಉರ್ದುವಿಗಿಂತ ಕನ್ನಡವೇ ಬಾಯಿಗೆ ಸಲೀಸು.

"ಡಾಕ್ಟ್ರು ಅಷ್ಟು ಯೋಳವ್ರೆ, ಯಾಕ್ಲಾ ಎದ್ದೆ?"

"ನೀನು ಆಗ್ಲೇ ರಾಗಿ ಅಳೀತಾ ಇದ್ದೀಯಲ್ಲಮ್ಮ. ನಾನೇ ತೀರಿಸ್ಬುಟ್ಟು ಓಯ್ತೀನಿ."

ಅಮ್ಮ ನೆಲಕ್ಕೆ ಕುಸಿದು ಕೂತಳು. "ನೀನು ಬರಿಗೈಲಿ ಓಗ್ಬಾರ್ದು ಅಂತ ಕಣಪ್ಪ" ಎಂದು ಅತ್ತಳು.

ಅತ್ತು ಮುಗಿಸಿ ಮಸೀದಿಯಲ್ಲಿ ನಮಾಜು ಮಾಡಿಸುವ ಹಜರತ್ತರನ್ನು ಕರೆತಂದಳು. ಅವರು ಮಡಕೆ ನೋಡಿದರು, ನನ್ನನ್ನೂ ನೋಡಿದರು.

"ಬದುಕಿರೋನ ನಮಾಜಿಗೆ ರಾಗಿ ಅಳೆಯೋ ಹಾಗಿಲ್ಲಮ್ಮ. ಅವನೇ ಮಾಡ್ಬೇಕು. ಜ್ಞಾನವಿಲ್ಲದೆ ದಿನಗಟ್ಟಲೆ ಬಿದ್ದಿದ್ದನಲ್ಲ, ಅವು ಬಾಕಿಯೇ ಅಲ್ಲ. ಎಚ್ಚರ ಇದ್ದಾಗ ತಪ್ಪಿದ್ದನ್ನ, ಸುಧಾರಿಸಿಕೊಂಡ ಮೇಲೆ ದಿನದ ನಮಾಜಿನ ಜೊತೆ ಒಂದೊಂದಾಗಿ ಕಜಾ ಮಾಡಿ ತೀರಿಸ್ಲಿ. ಅಲ್ಲೀವರೆಗೆ ಮಲಗಿಕೊಂಡೇ, ಬಗ್ಗೋ ಬದಲು ತಲೆ ಆಡಿಸಿದ್ರೂ ನಮಾಜೇ."

"ಈ ರಾಗಿ ಏನ್ಮಾಡ್ಲಿ?"

"ಅವನಿಗೇ ಗಂಜಿ ಕಾಯಿಸಿ."

ಎದೆಯ ಮೇಲಿನ ಕಲ್ಲು ಇಳಿಯಿತು. ಆ ಸಂಜೆ ಬಾಂಗಿಗೆ ಮಲಗಿದ್ದಲ್ಲೇ ತಲೆ ಆಡಿಸಿದೆ, ಕಣ್ಣೀರು ಕಿವಿಗೆ ಇಳಿಯಿತು. ಕರುಳಿಗೆ ಏನೂ ಆಗಿರಲಿಲ್ಲ. ನಿಧಾನವಾಗಿ ಜ್ವರ ಬಿಟ್ಟಿತು, ಡಾಕ್ಟರು ಗಂಜಿಗೆ ಒಪ್ಪಿದರು. ಯುದ್ಧದ ಕಾಲ, ರಾಗಿಗೂ ರೇಷನ್ನು. ನನ್ನ ಸಾವಿಗೆಂದು ಅಮ್ಮ ತನ್ನ ಹೊಟ್ಟೆ ಕಟ್ಟಿ ಕೂಡಿಟ್ಟ ರಾಗಿಯನ್ನು ನಾನೇ ಕುಡಿದೆ. ಅಷ್ಟು ರುಚಿಯಾದ ಗಂಜಿ ನಾನು ಕುಡಿದಿಲ್ಲ.

ತಪ್ಪಿದ ನಮಾಜುಗಳ ಕಜಾ ಇನ್ನೂ ಮುಗಿದಿಲ್ಲ. ಇಷ್ಟು ದಿನ ಕೂತೇ ಮಾಡುತ್ತಿದ್ದೆ, ಮೊನ್ನೆ ಮೊದಲ ಸಲ ನಿಂತು ಮಾಡಿದೆ. ಮುಗಿಸಿ ತಿರುಗಿದರೆ, ಬಿದ್ದರೆ ಹಿಡಿಯೋಣವೆಂದು ಅಮ್ಮ ಹಿಂದೆಯೇ ನಿಂತಿದ್ದಳು. ಮಡಕೆಯನ್ನು ತೊಳೆದು ಬೋರಲು ಹಾಕಿದ್ದಳು.

"ರಾಗಿ ಮುಗೀತು" ಎಂದಳು. "ಆತಗೂರ್ನೋರ ತಪ್ಪಲೆ ಅರ್ಧಕ್ಕೇ ನಿಂತದೆ. ಅದೂ ಒಂದು ಕಜಾನೇ ಕಣ್ಲಾ."