ಮೈನಸ್ ಮೂರಕ್ಕೆ ಹೆಲ್ಮೆಟ್

ಎರಡು ಸಾವಿರದ ದಶಕದ ಮೊದಲ ವರ್ಷಗಳಲ್ಲಿ ನಾನು ವಿಶಾಖಪಟ್ಟಣದ ಕಾರ್ಖಾನೆಯೊಂದರಲ್ಲಿ ಸುರಕ್ಷತಾ ವಿಭಾಗದ ಎಂಜಿನಿಯರ್ ಆಗಿದ್ದೆ. ಹೆಲ್ಮೆಟ್ ಇಲ್ಲದೆ ಬಂದವರನ್ನು, ಮೇಲಧಿಕಾರಿಯಾದರೂ ಸರಿ, ಗೇಟಿನಿಂದಲೇ ವಾಪಸ್ ಕಳಿಸುತ್ತಿದ್ದೆ. ತಪ್ಪಿತಸ್ಥರು ಏನಾಯಿತು, ಏಕಾಯಿತು, ಮುಂದೇನು ಮಾಡುತ್ತೇನೆ ಎಂದು ಮೂರು ಸಾಲು ಬರೆದುಕೊಡಬೇಕಿತ್ತು. ಅದನ್ನು ಬರೆಸುವುದರಲ್ಲಿ ನನಗೆ ಬಲು ಖುಷಿ.

ಮಗಳು ಆಗ ಏಳನೇ ತರಗತಿ. ವಿಜಯವಾಡದ ಗಣಿತ ಸ್ಪರ್ಧೆಗೆ ಶಾಲೆಯಿಂದ ಒಬ್ಬರನ್ನೇ ಕಳಿಸುವುದಿತ್ತು. ಆಯ್ಕೆಗಾಗಿ ಮನೆಯಲ್ಲಿ ಮಾಡಿ ತರಲು ಹತ್ತು ಲೆಕ್ಕ ಕೊಟ್ಟಿದ್ದರು. ಅವಳಿಗೆ ವಾರವಿಡೀ ಅದರದೇ ಜಪ. ಕೊನೆಯ ಲೆಕ್ಕ: x ಬೆಲೆ −3 ಆದರೆ x² − 2x ಎಷ್ಟು? ಅವಳು 15 ಎಂದು ಬರೆದಿದ್ದಳು. ನಾನು ಕಾಫಿ ಹೀರುತ್ತಾ ಕ್ಯಾಲ್ಕುಲೇಟರ್ ಒತ್ತಿದೆ. −3 ಬಂತು.

"ತಪ್ಪಾಗಿದೆ, ತಿದ್ದು."

"ಟೀಚರ್ ಹೀಗೇ ಹೇಳ್ಕೊಟ್ಟಿರೋದು ಅಪ್ಪಾ."

"ಹದಿನೈದು ವರ್ಷದಿಂದ ನಾನು ಇದನ್ನೇ ಒತ್ತಿ ಕೆಲಸ ಮಾಡ್ತಿರೋದು ಕಣೆ."

ಅವಳು ಮುಖ ಊದಿಸಿಕೊಂಡು 15ರ ಮೇಲೆ ಗೀಟು ಎಳೆದು −3 ಬರೆದಳು.

ಮರುದಿನ ಹತ್ತಕ್ಕೆ ಒಂಬತ್ತು ಬಂತು. ಕೋಪ ಬಂದರೆ ಅವಳು ಮನೆಮಾತು ಕನ್ನಡ ಬಿಟ್ಟು ತೆಲುಗಿಗೆ ಇಳಿಯುತ್ತಿದ್ದಳು. ಅವತ್ತು ಊಟ ಮುಗಿಯುವವರೆಗೂ ಬರೀ ತೆಲುಗು. ಆಮೇಲೆ ನೋಟ್‌ಬುಕ್ ತಂದು ಮುಂದಿಟ್ಟಳು.

"ಮೈನಸ್ ಮೂರನ್ನ ಬ್ರಾಕೆಟ್ ಇಲ್ದೆ ಒಳಗೆ ಬಿಟ್ಟಿದೀಯ. ನಿನ್ನ ಮೆಷಿನ್ ಮೂರನ್ನ ಮಾತ್ರ ವರ್ಗ ಮಾಡಿ, ಮುಂದೆ ಮೈನಸ್ ಅಂಟಿಸಿದೆ. ಬ್ರಾಕೆಟ್ ಹಾಕಿದ್ರೆ ಪ್ಲಸ್ ಒಂಬತ್ತು, ಅದಕ್ಕೆ ಆರು ಕೂಡಿದ್ರೆ ಹದಿನೈದು. ಹೆಲ್ಮೆಟ್ ಹಾಕ್ಸೋದು ನಿನ್ನ ಕೆಲಸ ಅಲ್ವಾ? ಮೂರು ಸಾಲು ಬರಿ."

ಬರೆದೆ. ಏನಾಯಿತು: ಸರಿಯಾದ ಉತ್ತರವನ್ನು ಹೊಡೆದುಹಾಕಿಸಲಾಯಿತು. ಏಕಾಯಿತು: ಅಪ್ಪನ ಜಂಬ. ಮುಂದೆ: ಋಣಸಂಖ್ಯೆ ಬಂದರೆ ಮೊದಲು ಬ್ರಾಕೆಟ್, ಮಗಳು ಹೇಳಿದರೆ ಮೊದಲು ಕೇಳುವುದು.

ಮಾರನೇ ದಿನ ಅದನ್ನು ಹಿಡಿದುಕೊಂಡು ನಾನೇ ಟೀಚರ್ ಮುಂದೆ ನಿಂತೆ. ಅವರು ಓದಿ ನಕ್ಕರು. ಗೀಟಿನ ಕೆಳಗಿನ 15ನ್ನೂ ನೋಡಿದರು. ಯಾರಿಗೂ ಹತ್ತಕ್ಕೆ ಹತ್ತು ಬಂದಿರಲಿಲ್ಲವಂತೆ. ಮಗಳನ್ನು ಕರೆದು, ಅದೇ ಲೆಕ್ಕಕ್ಕೆ x ಬೆಲೆ −4 ಎಂದು ಬೋರ್ಡಿನ ಮೇಲೆ ಬರೆದುಕೊಟ್ಟರು. ಅವಳು ಸಂಖ್ಯೆಗಿಂತ ಮೊದಲು ಎರಡು ಬ್ರಾಕೆಟ್ ಬರೆದಳು. 24 ಬಂತು, ವಿಜಯವಾಡವೂ ಸಿಕ್ಕಿತು.

ಸ್ಪರ್ಧೆ ವಿಜಯವಾಡದ ಗವರ್ನರ್‌ಪೇಟೆಯ ಸಭಾಂಗಣವೊಂದರಲ್ಲಿತ್ತು. ಗೇಟಿನಲ್ಲಿ ಅವಳು ನನ್ನನ್ನು ತಡೆದು ಜೇಬು ಮುಟ್ಟಿ ನೋಡಿದಳು. ಕ್ಯಾಲ್ಕುಲೇಟರ್ ಇತ್ತು.

"ನೀನು ಇಲ್ಲೇ ಇರು ಅಪ್ಪಾ," ಎಂದು ಒಳಗೆ ಹೋದಳು. ನಾನು ಗೇಟಿನ ಹೊರಗೆ ಕುಳಿತೆ.