ಗುಲಾಬಿಯ ಕುಲಾವಿ

ನಮ್ಮ ಅಡಿಗೆಮನೆಯ ಕಿಟಕಿಯ ಪಕ್ಕದ ಮೊಳೆಯಲ್ಲಿ ಒಂದು ಬಿಳಿಯ ಬಲೆಚೀಲ ನೇತಾಡುತ್ತದೆ. ಚೀಲವೆಂದರೆ ನೀವು ಈರುಳ್ಳಿ ತರುವ ಚೀಲವನ್ನು ನೆನೆದೀರಿ. ಅಷ್ಟು ದೊಡ್ಡದಲ್ಲ, ಹೆಬ್ಬೆರಳಿಗೆ ತೊಡಿಸಿದರೆ ಸರಿಹೋದೀತು. ಗುಲಾಬಿ ಮೊಗ್ಗಿಗೆ ಹಾಕಿದರೆ ಮೊಗ್ಗಿನ ಜೊತೆಗೇ ಹಿಗ್ಗುವ, ತೆಗೆದರೆ ಮುದುಡಿ ಕೂರುವ ಈ ವಸ್ತುವನ್ನು ಹೂವಿನ ವ್ಯಾಪಾರದವರು ಕ್ಯಾಪ್ ಎನ್ನುತ್ತಾರೆ. ನಮ್ಮವ್ವ ಮಾತ್ರ ಕಂಡ ಮೊದಲ ದಿನವೇ ಅದಕ್ಕೆ ಕುಲಾವಿ ಎಂದು ಹೆಸರಿಟ್ಟಳು. ಹಸುಗೂಸಿನ ತಲೆಗೆ ತೊಡಿಸುವ ಟೋಪಿಗೆ ಹಿರಿಯರು ಇಟ್ಟುಕೊಂಡ ಆ ಹೆಸರು, ಗುಲಾಬಿಯ ಪಕ್ಕದಲ್ಲಿ ನಿಂತಕೂಡಲೇ ತಾನಾಗಿ ಪ್ರಾಸವಾಗಿಬಿಟ್ಟಿತು. ತಮಿಳುನಾಡಿನ ಗಡಿಯೊಳಗಿನ ಉದ್ದನಪಲ್ಲಿಯ ಹತ್ತಿರ, ಪ್ಲಾಸ್ಟಿಕ್ ಹೊದಿಕೆಯಡಿ ಗುಲಾಬಿ ಬೆಳೆಯುವ ನಮ್ಮ ಪಾಲಿಹೌಸಿನಲ್ಲಿ ಇಂಥ ಕುಲಾವಿಗಳು ಬೊಗಸೆಗಟ್ಟಲೆ ಸಿಗುತ್ತವೆ. ಅವ್ವನ ಸೆರಗಿನ ಗಂಟಲ್ಲಿ, ನನ್ನ ಅಂಗಿಯ ಜೇಬಲ್ಲಿ, ಒಮ್ಮೊಮ್ಮೆ ಸಾರಿನಲ್ಲಿ ಕೂಡ. ಆದರೆ ಮೊಳೆಯ ಮೇಲಿನ ಇದೊಂದನ್ನು ಯಾರೂ ಮುಟ್ಟುವಂತಿಲ್ಲ. ಅಷ್ಟು ಕುಲಾವಿಗಳಲ್ಲಿ ಯೂರೋಪು ನೋಡಿ ಬಂದದ್ದು ಇದೊಂದೇ.

ಹೂವಿನ ಕೆಲಸ ಬಲ್ಲವರಿಗೆ ಗೊತ್ತಿರುವ ಒಂದು ಮಾತನ್ನು ತಿಳಿಯದವರಿಗೆ ಹೇಳಬೇಕು. ಹೊರದೇಶಕ್ಕೆ ಹೋಗುವ ಗುಲಾಬಿ ನಮ್ಮ ಕಣ್ಣೆದುರು ಅರಳಬಾರದು. ಮೊಗ್ಗು ಮೈದುಂಬಿ, ಇನ್ನೇನು ತುಟಿ ಬಿಚ್ಚಬೇಕು ಎನ್ನುವ ಹೊತ್ತಿಗೆ ಕತ್ತರಿ ಹಾಕಿ, ತಣ್ಣನೆಯ ನೀರಿನಲ್ಲಿ ನಿಲ್ಲಿಸಿ, ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ ಕಳಿಸಬೇಕು. ಗಿಡದಲ್ಲೇ ಅರಳಿದ ಹೂವೆಂದರೆ ಯಾರೋ ಸರಿಯಾಗಿ ನೋಡಲಿಲ್ಲ ಎಂದು ಅರ್ಥ. ಅದು ಕೆಲಸದವರಿಗೆ ಬೈಗುಳ, ನಮಗೆ ನಷ್ಟ. ನಾನು ಓದಿದ ಶಾಲೆ ತಮಿಳಿನದು. ಕನ್ನಡದ ಅಕ್ಷರವನ್ನು ತಾತ ಜಗಲಿಯ ಮೇಲೆ ಮರಳು ಹರಡಿ ತಿದ್ದಿಸಿದ, ಮಾತುಗಳನ್ನು ಅಜ್ಜಿ ಹೂ ಕಟ್ಟುತ್ತಾ ಕೊಟ್ಟಳು. ಮೊಗ್ಗು, ಮುಗುಳು, ಅರೆಬಿರಿ, ಬಿರಿ, ಅರಳು, ನಲುಗು, ಬಾಡು, ಉದುರು ಎಂದು ಹೂವಿನ ಆಯುಸ್ಸೆಲ್ಲ ಅವಳ ಬಾಯಲ್ಲಿ ಒಂದು ದಾರಕ್ಕೆ ಕಟ್ಟಿದ ಹಾಗಿತ್ತು. ಪಾಲಿಹೌಸು ಬಂದಮೇಲೆ ಆ ಮಾಲೆಯ ಮೊದಲರ್ಧ ಮಾತ್ರ ನಮ್ಮ ಪಾಲಿಗೆ ಉಳಿಯಿತು. ಉಳಿದರ್ಧ ಪೆಟ್ಟಿಗೆಯೊಳಗೆ ಕೂತು ವಿಮಾನ ಹತ್ತಿತು.

ರಾಗಿಯ ಹೊಲದ ಮೇಲೆ ಅಪ್ಪ ಪ್ಲಾಸ್ಟಿಕ್ಕಿನ ಚಪ್ಪರ ಎತ್ತಿಸಿದಾಗ ಅವ್ವನಿಗೆ ಮುನಿಸು ಬಂದದ್ದು ಇದೇ ಕಾರಣಕ್ಕೆ. "ಇಟ್ಟು ಬೆಳ್ಯೋ ನೆಲ್ದಲ್ಲಿ ಮುಖ ಕಾಣದವ್ರಿಗೆ ಹೂ ಬೆಳೀತೀರಲ್ಲ, ಅದು ಯಾರ್ ಮನೇಲಿ ಅರಳ್ತದೆ ಅಂತಾನಾದ್ರೂ ಗೊತ್ತಾ ನಿಮಗೆ?" ಎಂದು ಕೇಳಿದ್ದಳು. ಅಪ್ಪ ನಕ್ಕು, "ಒಂದಿನ ಕರ್ಕೊಂಡೋಗಿ ತೋರುಸ್ತೀನಿ ಬುಡು. ಹೆಣ್ಣು ಕೊಡೋ ಮನೆ ನೋಡ್ದಂಗೆ ನೋಡ್ಕಂಡ್ ಬರೋವಂತೆ," ಎಂದಿದ್ದ. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಮನೆ ನೋಡಲು ಹೋಗುವ ಪದ್ಧತಿಯಿದೆ. ಹೆಣ್ಣಿನ ಕಡೆಯ ಹಿರಿಯರು ಹೋಗಿ ಬಾವಿ, ಕೊಟ್ಟಿಗೆ, ಒಲೆ, ಕೊನೆಗೆ ಮನೆಯವರ ಮುಖ, ಎಲ್ಲ ನೋಡುತ್ತಾರೆ. ಮನಸ್ಸು ಒಪ್ಪುವ ತನಕ ಆ ಮನೆಯ ನೀರನ್ನೂ ಮುಟ್ಟುವುದಿಲ್ಲ. ಒಪ್ಪಿತೋ, ಕೊಟ್ಟ ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡು ಏಳುತ್ತಾರೆ. ಬಾಯಲ್ಲಿ ಬೆಲ್ಲವಿರುವಾಗ ಬೇರೆ ಮಾತಾದರೂ ಯಾಕೆ? ಅಪ್ಪ ಆ ಮಾತನ್ನು ನಡೆಸುವ ಮೊದಲೇ ಈ ಲೋಕ ಬಿಟ್ಟು ಹೊರಟುಹೋದ. ಅವ್ವ ಅದನ್ನು ಮತ್ತೆ ಎತ್ತಲಿಲ್ಲ. ಆದರೆ ಚಳಿಗಾಲದಲ್ಲಿ ಹೂವಿನ ವ್ಯಾನು ಹೊರಟಾಗಲೆಲ್ಲ, ಅದು ರಾಯಕೋಟೆ ರಸ್ತೆಯ ತಿರುವು ದಾಟುವ ತನಕ ಗೇಟಿನಲ್ಲಿ ನಿಂತಿರುತ್ತಿದ್ದಳು.

ಒಂದು ದಿನ ಕಾಲೇಜಿನಲ್ಲಿ ಓದುವ ನನ್ನ ಮಗಳು ಚೈತ್ರ ಕೇಳಿದಳು, "ಅಜ್ಜಿ, ವ್ಯಾನು ಹೋಗಿ ಆಯ್ತಲ್ಲ, ಇನ್ನೇನ್ ನೋಡ್ತಿದೀಯ?" ಅವ್ವ ಹೇಳಿದಳು, "ನಿಮ್ ತಾತ ತೋರುಸ್ತೀನಿ ಅಂದಿದ್ ಮನೆ ಕಣೆ." ಅಷ್ಟೇ. ಮುಂದಿನ ಬೇಸಿಗೆ ರಜೆಗೆ ನಾವು ನಾಲ್ವರು, ಅವ್ವ, ನಾನು, ನನ್ನ ಹೆಂಡತಿ ಸರೋಜ, ಚೈತ್ರ, ನಮ್ಮ ಹೂವು ಹಾರುವ ದಾರಿಯಲ್ಲೇ ಹಾರಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಇಳಿದೆವು. ಅಲ್ಲಿಂದ ರೈಲಿನಲ್ಲಿ ಊರಿಂದೂರಿಗೆ ಇಳಿಯುತ್ತಾ ಇಟಲಿಯ ತನಕ ಹೋಗುವುದೆಂದು ಚೈತ್ರ ಫೋನಿನಲ್ಲೇ ಎಲ್ಲ ಗೊತ್ತುಮಾಡಿದ್ದಳು. ಅವ್ವ ಸೀರೆಯ ಮೇಲೆ ಸ್ವೆಟರು, ಕಾಲಿಗೆ ಮೊಮ್ಮಗಳ ಹಳೆಯ ಕ್ಯಾನ್ವಾಸ್ ಶೂ, ಸೊಂಟಕ್ಕೆ ಎಲೆಅಡಿಕೆಯ ಸಂಚಿ ಸಿಕ್ಕಿಸಿಕೊಂಡು, ಬೀಗರ ಊರಿಗೆ ಬಂದವಳ ಗತ್ತಿನಲ್ಲಿ ನಡೆದಳು.

ಆ ಊರಿನ ಕಿಟಕಿಗಳನ್ನು ನೀವು ನೋಡಬೇಕು. ಕಾಲುವೆಯ ದಡದ ಮನೆಗಳಿಗೆ ಆಳೆತ್ತರದ ಗಾಜು, ಹಲವಕ್ಕೆ ಪರದೆಯೇ ಇಲ್ಲ, ಒಳಗೆ ಕಟ್ಟೆಯ ಮೇಲೆ ಒಂದು ದೀಪ, ಒಂದು ಬೆಕ್ಕು, ಒಂದು ಹೂದಾನಿ. ಅವ್ವ ಒಂದನ್ನೂ ಬಿಡದೆ ನಿಂತು ನಿಂತು ನೋಡಿದಳು. "ಅತ್ತೆ, ಮಂದಿ ಮನೇನ ಅಂಗೆಲ್ಲ ಇಣುಕ್ಬಾರ್ದು," ಎಂದು ಸರೋಜ ಸೆರಗು ಜಗ್ಗಿದರೆ, "ಇಣುಕ್ಬಾರ್ದು ಅನ್ನೋರು ಪರದೆ ಹಾಕ್ಕಂತಿದ್ರು ಬುಡವ್ವ," ಎಂದು ಮುಂದಿನ ಕಿಟಕಿಗೆ ಹೋದಳು. ಹೂದಾನಿಗಳಲ್ಲಿ ಬೇರೆ ಬೇರೆ ಹೂಗಳಿದ್ದವು, ನಮ್ಮದು ಇರಲಿಲ್ಲ. ಕೊನೆಗೆ ಒಂದು ಹೂವಿನ ಅಂಗಡಿಯಲ್ಲಿ ಚೈತ್ರ ಕೇಳಿಯೇಬಿಟ್ಟಳು. ಅಂಗಡಿಯಾಕೆ ಮರ್ಯಾದೆಯಿಂದಲೇ ಹೇಳಿದಳು, ನಿಮ್ಮ ದೇಶದ ಗುಲಾಬಿ ನಮಗೆ ಬರುವುದು ಚಳಿಗಾಲದಲ್ಲಿ. ಈಗ ಬೇಸಿಗೆ, ನಮ್ಮ ತೋಟಗಳಲ್ಲೇ ಹೂ ಬಿಟ್ಟಿವೆಯಲ್ಲ.

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬೇಸಿಗೆಯ ನಮ್ಮ ಹೂವೆಲ್ಲ ಬೆಂಗಳೂರು, ಚೆನ್ನೈನ ಮದುವೆಮನೆಗಳಿಗೆ ಹೋಗುತ್ತದೆಂದು, ವರ್ಷವರ್ಷವೂ ಕೈಯಾರೆ ಕಳಿಸುವ ನಮಗೆ ಗೊತ್ತಿಲ್ಲದ ಮಾತೇ ಅದು? ರಜೆಯ ಲೆಕ್ಕ ಹಾಕಿದೆವು, ಹೂವಿನ ಲೆಕ್ಕ ಮರೆತೆವು. ನನಗೆ ಅವ್ವನ ಕಡೆ ತಿರುಗಲು ಧೈರ್ಯ ಬರಲಿಲ್ಲ. ಅವಳು ಅಂಗಡಿಯ ಮೆಟ್ಟಿಲ ಮೇಲೆ ಕೂತು, ಸ್ವಲ್ಪ ಹೊತ್ತು ಕಾಲುವೆ ನೋಡಿ, ಆಮೇಲೆ ನಗತೊಡಗಿದಳು. "ಮಗಳನ್ನ ನೋಡಕ್ಕೆ ಅಂತ ಅಳಿಯನ ಮನೆಗೆ ಬಂದ್ರೆ, ಅವ್ಳು ತವರಿಗೋಗವ್ಳೆ ಅಂದಂಗಾಯ್ತು ಕಣ್ಲಾ! ತವರು ನಮ್ದೇ ಅಲ್ವೇನ್ಲಾ, ಬಾಗಿಲಾಕ್ಕಂಡ್ ಬಂದಿದೀವಿ." ನಾವೂ ನಕ್ಕೆವು. ಆದರೆ ಆಮೇಲೆ ಅವಳು ಕಿಟಕಿಗಳನ್ನು ನೋಡುವುದನ್ನು ಬಿಟ್ಟಳು. ನಗುವಿನ ಹಿಂದೆ ಏನಿತ್ತೆಂದು ನನಗೆ ತಿಳಿದದ್ದು ಆಗ.

ರೈಲಿನ ಕತೆ ಬೇರೆ. ರಸ್ತೆಯಿಂದ ನೋಡಿದರೆ ಊರು ತನ್ನ ಮುಖ ತೋರಿಸುತ್ತದೆ, ರೈಲಿನಿಂದ ನೋಡಿದರೆ ಹಿತ್ತಿಲು. ಒಗೆದು ಹಾಕಿದ ಬಟ್ಟೆ, ಮುರಿದ ಸೈಕಲ್ಲು, ಮಡಿಯಲ್ಲಿ ಎದ್ದ ಸೊಪ್ಪು, ಬೆತ್ತಲೆ ಮೈಗೆ ಬಿಸಿಲು ಕಾಯಿಸಿಕೊಳ್ಳುವ ಮುದುಕ. ಕೊಲೋನಿನ ನಿಲ್ದಾಣದ ಹೊರಗೇ ನಿಂತ ಆ ಆಕಾಶದೆತ್ತರದ ಚರ್ಚನ್ನು ಕಂಡು ನನಗೆ ಕತ್ತು ನೋವು ಬಂತೇ ಹೊರತು ಊರು ಹತ್ತಿರವಾಗಲಿಲ್ಲ. ಹಿತ್ತಿಲುಗಳನ್ನು ಕಂಡಾಗ ಆಯಿತು. ದೇಶ ಬದಲಾದದ್ದೂ ತಿಳಿಯಲಿಲ್ಲ. ನಮ್ಮ ಕಡೆ ಕನ್ನಡನಾಡಿನ ಅತ್ತಿಬೆಲೆ ದಾಟಿ ತಮಿಳುನಾಡಿನ ಜೂಜುವಾಡಿಗೆ ಬರುವಷ್ಟರಲ್ಲಿ ಬೋರ್ಡಿನ ಅಕ್ಷರ, ಬಸ್ಸಿನ ಬಣ್ಣ ಎಲ್ಲ ಬೇರೆಯಾಗಿ ಗಡಿ ಕಣ್ಣಿಗೆ ಹೊಡೆಯುತ್ತದೆ. ಬಾಯಿ ಮಾತ್ರ ಯಾವ ಗಡಿಯನ್ನೂ ಒಪ್ಪದೆ ಒಂದೇ ಉಸಿರಲ್ಲಿ ಕನ್ನಡ, ತೆಲುಗು, ತಮಿಳು ಮೂರನ್ನೂ ಆಡುತ್ತದೆ. ಅಲ್ಲಿ ಅದು ತಿರುಗುಮುರುಗು, ಕಣ್ಣಿಗೆ ಗಡಿಯಿಲ್ಲ, ಬಾಯಿಗಿದೆ. ರೈನ್ ನದಿಯ ದಡದ ಕಾಡುಗಳನ್ನು ಕಂಡು ಅವ್ವ ಅಷ್ಟು ಹೊತ್ತಿನಲ್ಲಿ ಬಾಯಿಬಿಟ್ಟು ಕೇಳಿದ್ದು ಇಷ್ಟೇ, "ಈ ಕಾಡಲ್ಲಿ ಆನೆ ಇಲ್ವಾ?" ಇಲ್ಲವೆಂದಾಗ, "ಮತ್ತೆ ಬೇಲಿ ಯಾಕೆ ಹಾಕವ್ರೆ?" ಸಾನಮಾವು ಕಾಡಿನ ಆನೆಗಳು ರಾಗಿ ತೆನೆ ಹುಡುಕಿ ಬರುವ ಸೀಮೆಯವಳಿಗೆ ಬೇಲಿಗೆ ಇನ್ನೊಂದು ಕಾರಣ ಹೊಳೆಯುವುದಾದರೂ ಹೇಗೆ?

ಆ ಮಧ್ಯಾಹ್ನ ಏನೋ ಕೆಟ್ಟು ನಮ್ಮ ರೈಲು ಒಂದು ಸಣ್ಣ ಊರಿನಲ್ಲಿ ನಿಂತುಬಿಟ್ಟಿತು. ಎಲ್ಲರೂ ಇಳಿದು ಮುಂದಿನದಕ್ಕೆ ಕಾಯಬೇಕೆಂದರು. ನಿಲ್ದಾಣದ ಎದುರಿಗೇ ಒಂದು ಸಣ್ಣ ಮನೆ, ಬೇಲಿಯುದ್ದಕ್ಕೂ ಗುಲಾಬಿ. ನಾವು ಬೆಂಚಿನ ಮೇಲೆ ಹುರಿಹಿಟ್ಟು ಬಿಚ್ಚುವಷ್ಟರಲ್ಲಿ ಅವ್ವ ಬೇಲಿಯ ಬಳಿ ಹೋಗಿದ್ದಳು. ಸಂಚಿಯಲ್ಲಿ ಅಡಿಕೆ ಹುಡುಕಿದವಳ ಕೈಗೆ ಒಂದು ಕುಲಾವಿ ಸಿಕ್ಕಿರಬೇಕು. ಕಣ್ಣೆದುರು ತುಟಿ ಬಿಚ್ಚಲು ನಿಂತ ಮೊಗ್ಗು, ಕೈಯಲ್ಲಿ ಕುಲಾವಿ. ಅಷ್ಟು ವರ್ಷಗಳ ಬೆರಳು ಯಾರನ್ನೂ ಕೇಳದೆ ತನ್ನ ಕೆಲಸ ಮಾಡಿತು. ಮೊಗ್ಗಿಗೆ ಟೋಪಿ ಕೂತಿತು. ಮನೆಯ ಬಾಗಿಲೂ ತೆರೆಯಿತು.

ಬಂದಾಕೆಗೂ ಅವ್ವನ ವಯಸ್ಸೇ. ಗಾಬರಿಗಿಂತ ಕುತೂಹಲ ಹೆಚ್ಚಿದ್ದ ಮುಖ. ಅವಳಿಗೂ ನಮ್ಮಷ್ಟೇ ಇಂಗ್ಲಿಷು ಬರುತ್ತಿದ್ದುದರಿಂದ ಎಲ್ಲವೂ ಚೆನ್ನಾಗಿ ಅರ್ಥವಾಯಿತು. ಇದೇನು, ಯಾಕೆ ಎಂದು ಕೇಳಿದಳು. ಚೈತ್ರ ಕ್ಷಮೆ ಕೇಳಿ, ನಾವು ಹೂ ಬೆಳೆಯುವವರು, ಹೊತ್ತಿಗೆ ಮುಂಚೆ ಅರಳದಿರಲಿ ಅಂತ ಇದನ್ನು ಹಾಕುತ್ತೇವೆ ಎಂದು ವಿವರಿಸಿದಳು. ಆಕೆ ಏನೋ ಹೇಳಿದಳು.

"ಏನಂದ್ಳೇ?" ಎಂದಳು ಅವ್ವ.

"ಅರಳ್ಲಿ ಅಂತಾನೇ ವರ್ಷ ಪೂರ್ತಿ ಕಾದಿದೀನಿ ಅಂತಾರೆ ಅಜ್ಜಿ."

ಅವ್ವ ಮೊಗ್ಗನ್ನು ನೋಡಿದಳು, ಆಕೆಯನ್ನು ನೋಡಿದಳು. ಕೂಸಿನ ನಿದ್ದೆ ಕೆಡಿಸದ ಹಾಗೆ ಮೆಲ್ಲಗೆ ಕುಲಾವಿ ಬಿಡಿಸಿದಳು. ಆಮೇಲೆ ಮೊಮ್ಮಗಳಿಗೆ, "ಚಳೀಗಾಲ್ದಲ್ಲಿ ಇವ್ರ ಮನೆಗೆ ಅಂಗಡಿ ರೋಜಾ ತತ್ತಾರ, ಕೇಳು," ಎಂದಳು. ಹೌದಂತೆ. ಆಕೆಯ ಹುಟ್ಟುಹಬ್ಬ ಚಳಿಯ ದಿನಗಳಲ್ಲಿ. ಮಗ ಬರುವಾಗ ಒಂದು ಕಟ್ಟು ಗುಲಾಬಿ ತರುತ್ತಾನೆ. ಎಲ್ಲಿಂದ ಬರುತ್ತವೋ ಯಾರು ಕೇಳುತ್ತಾರೆ, ಆ ಕಿಟಕಿಯಲ್ಲಿ ಇಡುತ್ತೇನೆ ಎಂದು ಬೆರಳು ಮಾಡಿದಳು. ಕಿಟಕಿಯಲ್ಲಿ ಅರ್ಧ ಪರದೆ, ಅದರಾಚೆ ನೀಲಿ ಹೂದಾನಿ. ಹೂವೆಲ್ಲ ಹೊರಗಿರುವ ಕಾಲ, ಅದು ಖಾಲಿ.

"ಅವು ನಮ್ದೇ ಅಂತ ಹೇಳೆ," ಎಂದಳು ಅವ್ವ.

"ಅಜ್ಜಿ, ನಮ್ದೇ ಅಂತ ಹೆಂಗೊತ್ತು?"

"ಅಲ್ಲ ಅಂತ ನಿಂಗೆ ಗೊತ್ತಾ? ಹೇಳು, ಸುಮ್ಕೆ."

ಚೈತ್ರ ಹೇಳಿದಳು. ಆಕೆ ನಗಲಿಲ್ಲ, ಒಳಗೆ ಹೋಗಿ ಒಂದು ತಟ್ಟೆ ಚೆರ್ರಿ ಹಣ್ಣು ತಂದು ಬೇಲಿಯ ಮೇಲಿಂದ ಚಾಚಿದಳು. ಅವ್ವ ತಕ್ಷಣ ತೆಗೆದುಕೊಳ್ಳಲಿಲ್ಲ. ಬಾಗಿಲು, ಹೊಸ್ತಿಲು, ಕಿಟಕಿ, ಖಾಲಿ ಹೂದಾನಿ, ಕೊನೆಗೆ ಆಕೆಯ ಮುಖ, ಒಂದೊಂದನ್ನೂ ನಿಧಾನವಾಗಿ ನೋಡಿದಳು. ಆಮೇಲೆ ಒಂದು ಹಣ್ಣು ತೆಗೆದು ಬಾಯಿಗೆ ಹಾಕಿಕೊಂಡಳು. ಸರೋಜ ಉಸಿರು ಬಿಟ್ಟು ನನ್ನ ಕಡೆ ನೋಡಿದಳು. ಬೆಲ್ಲವಿಲ್ಲದ ಊರಿನಲ್ಲಿ ಚೆರ್ರಿಯೇ ಬೆಲ್ಲ, ಒಪ್ಪಿಗೆಯಾಗಿತ್ತು. ರೈಲು ಬಂತೆಂದು ನಾನು ಕೂಗಿದಾಗ ಆಕೆ, ಅವ್ವನ ಕೈಯಿಂದ ಜಾರಿ ನೆಲಕ್ಕೆ ಬಿದ್ದಿದ್ದ ಕುಲಾವಿಯನ್ನು ಎತ್ತಿ, ಮಣ್ಣೊರೆಸಿ, ಅವ್ವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

ಅಲ್ಲಿಂದ ಬಾಸೆಲ್, ಬಾಸೆಲಿನಿಂದ ಮಿಲಾನ್. ಹಿಮದ ಬೆಟ್ಟಗಳನ್ನು ನಾವು ಬಾಯಿಬಿಟ್ಟು ನೋಡಿದೆವು, ಅವ್ವ ನೋಡಿದಳೋ ಇಲ್ಲವೋ. ಇಟಲಿಗೆ ಇಳಿಯುವ ಉದ್ದನೆಯ ಸುರಂಗದೊಳಗೆ, ಕಿಟಕಿಯಲ್ಲಿ ನಮ್ಮ ಮುಖಗಳೇ ಕಾಣುತ್ತಿದ್ದಾಗ, ಅವಳು ತನಗೇ ಎಂಬಂತೆ ಹೇಳಿದಳು, "ವರ್ಷ ಪೂರ್ತಿ ಕಾದವ್ಳೆ ಕಣ್ಲಾ. ನಾವು ಅರಳ್ತದೇನೋ ಅಂತ ಎದ್ರುಕಂಡು ಕಾಯೋದ್ನ, ಅವ್ಳು ಅರಳ್ಲಿ ಅಂತ ಕಾದವ್ಳೆ." ಸ್ವಲ್ಪ ಹೊತ್ತಾದ ಮೇಲೆ, "ಮನೆ ಚೆನ್ನಾಗೈತೆ. ನಿಮ್ಮಪ್ಪನೂ ಒಪ್ತಿದ್ರು," ಎಂದಳು. ಹಂಬಲವೆಂದರೆ ದೂರದ್ದನ್ನು ಬೇಕೆನ್ನುವುದು ಎಂದುಕೊಂಡಿದ್ದೆ ನಾನು. ಎಷ್ಟೋ ಸಲ ಅದು ನಮ್ಮ ಕೈಯಿಂದಲೇ ಹೊರಟದ್ದು ಎಲ್ಲಿಗೆ ಮುಟ್ಟಿತೆಂದು ತಿಳಿಯುವ ಆಸೆ ಮಾತ್ರ. ಕಳಿಸಿಕೊಟ್ಟ ಹೂವು, ಆಡಿದ ಮಾತು, ಹೊರಟುಹೋದ ಮನುಷ್ಯ, ಯಾವುದರ ಉಳಿದರ್ಧವನ್ನೂ ನಾವು ಕಾಣುವುದಿಲ್ಲ. ಯಾವುದೋ ಒಂದು ಕಿಟಕಿ ಕಂಡರೆ ಅಲ್ಲಿಗೆ ಎಲ್ಲವನ್ನೂ ಮುಟ್ಟಿಸಿಬಿಡುತ್ತೇವೆ.

ಹೋದ ಚಳಿಗಾಲದಲ್ಲಿ ಪೆಟ್ಟಿಗೆಗಳು ಹೊರಡುವ ಕಾಲ ಬಂದಾಗ ಅವ್ವ ಮೊಳೆಯ ಮೇಲಿನ ಕುಲಾವಿಯನ್ನು ತೆಗೆದು, ಪಾಲಿಹೌಸಿನ ಬಾಗಿಲ ಪಕ್ಕದ ಗಿಡದ ಒಂದು ಮೊಗ್ಗಿಗೆ ತೊಡಿಸಿದಳು. ಕೊಯ್ಯಲು ಬಂದ ಹೆಂಗಸರಿಗೆ, "ಇದನ್ನ ಮುಟ್ಬ್ಯಾಡ್ರವ್ವ," ಎಂದಳು. ವ್ಯಾನು ತಿರುವು ದಾಟಿದ ಮೇಲೆ, ಗೇಟಿನಲ್ಲಿ ನಿಲ್ಲುವ ಬದಲು ನೇರ ಒಳಗೆ ಬಂದು ಆ ಕುಲಾವಿ ತೆಗೆದುಬಿಟ್ಟಳು. ಒಟ್ಟಿಗೆ ಬೆಳೆದ ಹೂಗಳಲ್ಲಿ ಒಂದು ಇಲ್ಲೇ ಉಳಿದು, ದಿನದಿನವೂ ಒಂದೊಂದು ಎಸಳು ಸಡಿಲಿಸಿ, ಅಂಗೈಯಗಲ ಅರಳಿತು. ನಮ್ಮ ಪಾಲಿಹೌಸಿನಲ್ಲಿ ಬೈಗುಳವಿಲ್ಲದೆ ಅರಳಿದ ಮೊದಲ ಗುಲಾಬಿ ಅದು. ಅವ್ವ ಅದರ ಮುಂದೆ ನಿಂತು, "ಇಲ್ಲಿ ಅರಳ್ತು ಅಂದ್ರೆ ಅಲ್ಲೂ ಅರಳಿರ್ತದೆ," ಎಂದಳು. ಸರೋಜಳಿಗೆ ಸುಮ್ಮನಿರಲಾದೀತೇ, "ಅಲ್ಲಿ ಚಳಿ ಜಾಸ್ತಿ ಅತ್ತೆ, ಇನ್ನೂ ಎಲ್ಡು ದಿನ ಬೇಕು," ಎಂದಳು.

"ಅರಳ್ಲಿ ಬುಡು ನಿಧಾನಕ್ಕೆ," ಎಂದಳು ಅವ್ವ. "ಮನೆ ನೋಡ್ಕಂಡ್ ಬಂದಿದೀನಲ್ಲ."

ಆ ಹೂವು ಒಂದು ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಮಣ್ಣಿನ ಮೇಲೇ ಎಸಳುದುರಿಸಿತು. ನಲುಗು, ಬಾಡು, ಉದುರು. ಅಜ್ಜಿಯ ಮಾಲೆಯ ಕೊನೆಯ ಮಾತುಗಳನ್ನು ಎಷ್ಟು ಕಾಲದ ಮೇಲೆ ನಾನು ಬಾಯಿಬಿಟ್ಟು ಆಡಿಕೊಂಡೆನೋ. ಕುಲಾವಿ ಮತ್ತೆ ಮೊಳೆಗೆ ಬಂದಿದೆ. ತೆಗೆದರೆ ಮುದುಡಿ ಕೂರುತ್ತದೆ ಎಂದೆನಲ್ಲ, ಇದು ಮಾತ್ರ ಹಾಗಿಲ್ಲ. ಹಿಗ್ಗಿ ಹಿಗ್ಗಿ ಸಡಿಲವಾಗಿ, ಒಳಗೆ ಏನಿಲ್ಲದಿದ್ದರೂ ಮೊಗ್ಗಿನ ಆಕಾರವನ್ನು ಬಿಡದೆ ಗಾಳಿಗೆ ತೂಗುತ್ತದೆ. ಬೆಳಗಿನ ಕಾಫಿ ಹಿಡಿದು ಅದರ ಪಕ್ಕದಲ್ಲಿ ನಿಂತಾಗಲೆಲ್ಲ ನನ್ನ ಕಣ್ಣು ನಮ್ಮ ಕಿಟಕಿಯಾಚೆಗಿನ ಹುಣಸೆಮರವನ್ನು ದಾಟಿ, ಅರ್ಧ ಪರದೆಯ ಇನ್ನೊಂದು ಕಿಟಕಿಗೆ ಹೋಗುತ್ತದೆ. ಆ ನೀಲಿ ಹೂದಾನಿ ಈಗ ತುಂಬಿದೆಯೋ ಏನೋ.